ಪಂಪಿನ ಬಾಯಿ ಮುಚ್ಚಿಸಿದ ಪರೀಕ್ಷೆ

ವಾರ್ಡಿನಲ್ಲಿ ನನ್ನನ್ನು ಗಾಬರಿ ಸಿಸ್ಟರ್ ಎಂದು ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಹೆಸರು ಸುಳ್ಳೆಂದು ನಾನು ವಾದಿಸುವುದಿಲ್ಲ. ಮನೆಯಿಂದ ಹೊರಡುವ ಮುನ್ನ ಒಲೆ ಆರಿಸಿದ್ದೇನೆಯೇ ಎಂದು ಮೂರು ಸಲ ನೋಡುತ್ತೇನೆ. ಮೂರನೆಯ ಸಲ ನೋಡಿದ್ದು ನಿಜವೇ ಎಂಬ ಅನುಮಾನ ಬಸ್ಸಿನಲ್ಲಿ ಶುರುವಾಗುತ್ತದೆ. ಹೋದ ವರ್ಷ ಒಬ್ಬ ರೋಗಿ ಎಷ್ಟು ಕರೆದರೂ ಅಲುಗಾಡದೆ ಮಲಗಿದ್ದನ್ನು ಕಂಡು ಡಾಕ್ಟರನ್ನು ಮೂರು ಮಹಡಿ ಕೆಳಕ್ಕೆ ಓಡಿಸಿದೆ. ಆತ ತನ್ನನ್ನು ನೋಡಲು ಬಂದ ಭಾವಮೈದುನನ ಜೊತೆ ಮಾತಾಡಲು ಇಷ್ಟವಿಲ್ಲದೆ ನಿದ್ದೆ ನಟಿಸುತ್ತಿದ್ದ. ಡಾಕ್ಟರು ಏದುಸಿರು ಬಿಡುತ್ತಾ, "ಸಿಸ್ಟರ್, ಇನ್ನೊಂದು ಸಲ ಹೀಗೆ ಓಡಿಸೋದಾದ್ರೆ ಮೊದಲು ನನಗೊಂದು ಬೆಡ್ ಖಾಲಿ ಮಾಡಿಡಿ" ಎಂದರು. ಅಂದಿನಿಂದ ಹೆಸರು ಗಟ್ಟಿಯಾಯಿತು.

ಆದರೂ ಆ ವಾರ್ಡೆಂದರೆ ನನಗೆ ಜೀವ. ಗಾಬರಿ ಬೀಳುವವರಿಗೆ ಸಂಬಳ ಕೊಟ್ಟು ಇಟ್ಟುಕೊಳ್ಳುವ ಜಾಗ ಪ್ರಪಂಚದಲ್ಲಿ ಇನ್ನೆಲ್ಲಿದೆ? ಹದಿನಾಲ್ಕು ವರ್ಷ ಅಲ್ಲಿದ್ದೆ. ಯಾವ ಮಂಚದ ಯಾವ ಗಾಲಿ ಕಿರುಗುಟ್ಟುತ್ತದೆ, ಯಾವ ಯಂತ್ರ ಯಾವುದಕ್ಕೆ ಹೇಗೆ ಕೂಗುತ್ತದೆ ಎಂಬುದು ಕಣ್ಣು ಮುಚ್ಚಿದರೂ ತಿಳಿಯುತ್ತಿತ್ತು. ಆದ್ದರಿಂದ ನೋಟಿಸ್ ಬೋರ್ಡಿನಲ್ಲಿ ಒಂದು ಕಾಗದ ಅಂಟಿಸಿದ ದಿನ ನಾನು ಅದನ್ನು ಮೂರು ಸಲ ಓದಿದೆ.

ಕಾಗದದಲ್ಲಿ ಇದ್ದದ್ದು ಇಷ್ಟು. ಇನ್ನು ಮೂರು ವಾರಕ್ಕೆ ತಪಾಸಣೆಯವರು ಬರುತ್ತಾರೆ. ಅದಕ್ಕೆ ಮೊದಲು ಎಲ್ಲ ನರ್ಸುಗಳಿಗೂ ಪರೀಕ್ಷೆ. ವಿಷಯ: ರೋಗಿಯ ಸುರಕ್ಷತೆ ಮತ್ತು ರಕ್ತನಾಳದ ಮೂಲಕ ಕೊಡುವ ಆಹಾರದಿಂದ ಆಗಬಹುದಾದ ತೊಂದರೆಗಳು. ಮೂವತ್ತು ಪ್ರಶ್ನೆ. ಇಪ್ಪತ್ತನಾಲ್ಕು ಬಂದರೆ ಪಾಸು. ಬರದಿದ್ದರೆ ಆರು ತಿಂಗಳು ಬಟ್ಟೆ ಕೋಣೆಯಲ್ಲಿ ಕೆಲಸ. ಪರೀಕ್ಷೆಯ ನಡುವೆ ಎದ್ದು ಹೋದವರ ಉತ್ತರ ಎಲ್ಲಿಗೆ ನಿಂತಿದೆಯೋ ಅಲ್ಲಿಗೇ ಲೆಕ್ಕ.

ಬಟ್ಟೆ ಕೋಣೆ ನಮ್ಮ ವಾರ್ಡಿನ ನೇರ ಕೆಳಗೆ, ನೆಲಮಾಳಿಗೆಯಲ್ಲಿ. ಅಲ್ಲಿ ಹೊದಿಕೆ, ದಿಂಬಿನ ಚೀಲ, ಆಪರೇಷನ್ ಗೌನು. ಯಾವುದೂ ಉಸಿರಾಡುವುದಿಲ್ಲ, ಆದ್ದರಿಂದ ಯಾವುದೂ ಉಸಿರು ನಿಲ್ಲಿಸುವುದಿಲ್ಲ. ನನ್ನಂಥವಳು ಅಲ್ಲಿ ಏನು ಮಾಡಬೇಕು?

ಕಾಗದಕ್ಕೆ ಸಹಿ ಹಾಕಿದ್ದವರು ತರಬೇತಿ ವಿಭಾಗದ ಮೇಡಂ. ನಾವು ಆಕೆಯನ್ನು ಪಾಠದಮ್ಮ ಎನ್ನುತ್ತಿದ್ದೆವು. ಇದು ಮಾತ್ರ ಬೆನ್ನ ಹಿಂದೆ. ಪಾಠದಮ್ಮ ಹನ್ನೆರಡು ವರ್ಷಗಳಿಂದ ರೋಗಿಯನ್ನು ಮುಟ್ಟಿರಲಿಲ್ಲ, ಆದರೆ ಮುಟ್ಟುವ ಮುಂಚೆ ಕೈ ತೊಳೆಯುವುದು ಹೇಗೆಂದು ಅಷ್ಟೂ ವರ್ಷ ಕಲಿಸಿದ್ದರು. ಅವರ ಕೈಗಳಷ್ಟು ಶುಭ್ರವಾದ ಕೈಗಳನ್ನು ನಾನು ಎಲ್ಲೂ ನೋಡಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಪರೀಕ್ಷೆ ಕಷ್ಟದ್ದಾಗಿರಲಿಲ್ಲ. ಪಾಠದಮ್ಮ ಒಂದು ವಾರ ಮೊದಲೇ 'ಅಭ್ಯಾಸ ಪ್ರಶ್ನೆಗಳು' ಎಂದು ಒಂದು ಹಾಳೆ ಹಂಚಿದರು. ಅದರಲ್ಲಿ ಮೂವತ್ತು ಪ್ರಶ್ನೆ, ಹಿಂಬದಿಯಲ್ಲಿ ಮೂವತ್ತು ಉತ್ತರ. "ಪರೀಕ್ಷೆಯಲ್ಲೂ ಇಂಥವೇ ಬರ್ತಾವೆ" ಎಂದು ಒಂದು ಕಣ್ಣು ಚೂರು ಕಿರಿದು ಮಾಡಿ ಹೇಳಿದರು. ಇಂಥವೇ ಅಲ್ಲ, ಇವೇ ಎಂಬುದು ಕಣ್ಣು ಕಿರಿದಾದ ರೀತಿಯಿಂದಲೇ ಎಲ್ಲರಿಗೂ ಅರ್ಥವಾಯಿತು. ನೂರಕ್ಕೆ ನೂರು ಫಲಿತಾಂಶ ಬರಬೇಕಿತ್ತು. ನಮಗಿಂತ ಹೆಚ್ಚಾಗಿ ಅವರಿಗೆ.

ನಮ್ಮ ಪೈಕಿ ಚಿಕ್ಕವಳು, ಕೆಲಸಕ್ಕೆ ಸೇರಿ ಎರಡು ವರ್ಷವಾದವಳು, ಅದನ್ನು ಬಾಯಿಪಾಠ ಮಾಡಿದಳು. ಪ್ರಶ್ನೆಗಳನ್ನಲ್ಲ, ಉತ್ತರದ ಅಕ್ಷರಗಳನ್ನು. ಔಷಧದ ತಳ್ಳುಗಾಡಿ ನೂಕುತ್ತಾ "ಒಂದು ಆ, ಎರಡು ಇ, ಮೂರು ಆ, ನಾಲ್ಕು ಈ" ಎಂದು ಗೊಣಗುತ್ತಿದ್ದಳು. ಅವಳಿಗೆ ಗಿಣಿ ಎಂಬ ಹೆಸರು ಬಂದದ್ದು ಆ ವಾರವೇ.

"ಪ್ರಶ್ನೆ ಓದೋದಿಲ್ವೇನೇ?" ಎಂದು ಕೇಳಿದೆ.

"ಓದಿದ್ರೆ ಗೊಂದಲ ಆಗತ್ತೆ ಅಕ್ಕಾ. ಯೋಚನೆ ಬಂದ್ಬಿಡತ್ತೆ."

*

ಆರನೇ ಮಂಚದಲ್ಲಿ ಟೈಲರ್ ಇದ್ದರು. ಐವತ್ತು ದಾಟಿದ, ಒಣಗಿದ ಕಡ್ಡಿಯಂಥ ಮನುಷ್ಯ. ಕರುಳು ಕತ್ತರಿಸಿ ಜೋಡಿಸಿದ ಆಪರೇಷನ್ನು ಆಗಿತ್ತು. ಜೋಡಿಸಿದ ಕಡೆ ಸೋರುತ್ತಿತ್ತು. ಅದು ಕೂಡಿಕೊಳ್ಳುವವರೆಗೆ ಹೊಟ್ಟೆಗೆ ಒಂದು ಗುಟುಕೂ ಇಳಿಯುವಂತಿಲ್ಲ. ಹಾಗಾಗಿ ಕೊರಳೆಲುಬಿನ ಕೆಳಗಿನ ದೊಡ್ಡ ರಕ್ತನಾಳಕ್ಕೆ ನಳಿಕೆ ಇಟ್ಟು, ಸಕ್ಕರೆ, ಕೊಬ್ಬು, ಉಪ್ಪು, ಎಲ್ಲ ಬೆರೆಸಿದ ಹಾಲಿನಂಥ ದ್ರವವನ್ನು ಪಂಪಿನಿಂದ ಹನಿಹನಿಯಾಗಿ ಬಿಡುತ್ತಿದ್ದೆವು. ಬೆಳಿಗ್ಗೆ ಹತ್ತಕ್ಕೆ ಒಂದು ಬಿಳಿ ಚೀಲ ತೂಗುಹಾಕಿದರೆ ಮರುದಿನ ಹತ್ತಕ್ಕೆ ಮುಗಿಯಬೇಕು, ಆಗ ಹೊಸದು ಬರಬೇಕು. ಗಂಟೆಗೆ ಎಂಬತ್ತು ಮಿಲಿ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

"ಹೊಲಿಗೆ ಬಿಟ್ಟಿದೆಯಂತೆ ಸಿಸ್ಟರ್," ಎನ್ನುತ್ತಿದ್ದರು ಟೈಲರ್. "ನನ್ನ ಅಂಗಡೀಲಿ ಹೊಲಿಗೆ ಬಿಟ್ರೆ ಗಿರಾಕಿ ಬಟ್ಟೆ ತಂದು ಮುಖಕ್ಕೆ ಎಸೀತಾನೆ. ಇಲ್ಲಿ ನೋಡಿ, ಹೊಲಿದವರು ಬಂದು ನನಗೇ ಬೈದು ಹೋಗ್ತಾರೆ, ಅಲುಗಾಡಬೇಡ ಅಂತ."

ಅವರ ಹೆಂಡತಿ ಮಾತಿನಲ್ಲಿ ಗಂಡನಿಗೆ ಒಂದು ಗೇಣು ಮೇಲೆ. ಆಕೆ ಪಂಪಿಗೆ ಸವತಿ ಎಂದು ಹೆಸರಿಟ್ಟಿದ್ದರು. "ಹಗಲೂ ರಾತ್ರಿ ಇವರ ಪಕ್ಕ ಬಿಟ್ಟು ಕದಲಲ್ಲ. ಊಟಾನೂ ಅವಳೇ ಹಾಕ್ತಾಳೆ. ಮೂವತ್ತು ವರ್ಷ ನಾನು ಬೇಯಿಸಿ ಹಾಕಿದ್ದಕ್ಕೆ ಒಂದು ದಿನ ಚೆನ್ನಾಗಿದೆ ಅಂದವರಲ್ಲ. ಇವಳ ಊಟಕ್ಕೆ ಉಪ್ಪಿಲ್ಲ ಹುಳಿಯಿಲ್ಲ, ಆದ್ರೂ ತೆಪ್ಪಗೆ ತಿಂತಾರೆ!"

ಪರೀಕ್ಷೆಯ ಹಿಂದಿನ ದಿನ ಟೈಲರನ್ನು ಸ್ಕ್ಯಾನಿಗೆ ಕರೆದೊಯ್ದಿದ್ದರು. ಅಲ್ಲಿ ಸಾಲು ದೊಡ್ಡದಿತ್ತು. ಎರಡು ಗಂಟೆ ಬಿಳಿ ಚೀಲದ ಬದಲು ಬರೀ ಸಕ್ಕರೆ ನೀರು ಓಡಿತು. ಹಾಗಾಗಿ ಮರುದಿನ ಬೆಳಿಗ್ಗೆ ಏಳಕ್ಕೆ ನೋಡಿದರೆ ಚೀಲದಲ್ಲಿ ಇರಬೇಕಾದ್ದಕ್ಕಿಂತ ನೂರ ಅರವತ್ತು ಮಿಲಿ ಹೆಚ್ಚು ಉಳಿದಿತ್ತು. ಉಳಿದರೆ ಉಳಿಯಲಿ, ಹೊಸ ಚೀಲ ಬಂದಾಗ ಎಸೆಯುವುದು. ಆದರೆ ಚಾರ್ಟಿನಲ್ಲಿ 'ಕೊಡಬೇಕಾದ್ದು' ಮತ್ತು 'ಕೊಟ್ಟದ್ದು' ಎಂದು ಅಕ್ಕಪಕ್ಕ ಎರಡು ಖಾನೆಗಳಿದ್ದವು, ಮತ್ತು ಪಾಠದಮ್ಮ ವಾರವಿಡೀ ಒಂದೇ ಮಾತು ಹೇಳಿದ್ದರು: "ಎರಡು ಖಾನೆ ಹೊಂದಬೇಕು. ತಪಾಸಣೆಯವರು ಮೊದಲು ನೋಡೋದೇ ಅದನ್ನ."

ಅಂದು ಆರನೇ ಮಂಚ ಗಿಣಿಯದು. ಅವಳು ಪಂಪನ್ನು ಎಂಬತ್ತರಿಂದ ನೂರ ಮೂವತ್ತಕ್ಕೆ ಏರಿಸಿದಳು. ಎರಡು ಖಾನೆ ಹೊಂದಬೇಕಲ್ಲ. ಇದು ನನಗೆ ಆಗ ಗೊತ್ತಿರಲಿಲ್ಲ; ನಾನು ವಾರ್ಡಿನ ಇನ್ನೊಂದು ತುದಿಯಲ್ಲಿದ್ದೆ.

ಒಂಬತ್ತಕ್ಕೆ ಅವಳು ಟೈಲರ ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡಿದಳು. ಇನ್ನೂರ ತೊಂಬತ್ತು. ಇಷ್ಟಿದ್ದರೆ ಇಷ್ಟು ಇನ್ಸುಲಿನ್ ಎಂದು ಡಾಕ್ಟರು ಬರೆದಿಟ್ಟ ಪಟ್ಟಿಯಿತ್ತು, ಅದರಂತೆ ಕೊಟ್ಟಳು. ಹಾದುಹೋಗುವಾಗ ನಾನು ಚಾರ್ಟು ಕಂಡೆ.

"ಹತ್ತು ದಿನದಿಂದ ನೂರ ಐವತ್ತು ದಾಟಿಲ್ಲ. ಇವತ್ತು ಯಾಕೆ ಇಷ್ಟು?"

"ಗೊತ್ತಿಲ್ಲ ಅಕ್ಕಾ. ಪಟ್ಟೀಲಿ ಇದ್ದ ಹಾಗೆ ಕೊಟ್ಟೆ."

"ಪಂಪು ನೋಡಿದ್ಯಾ?"

ಅವಳು ಉತ್ತರಿಸುವ ಮುಂಚೆ ಪಾಠದಮ್ಮ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದರು. "ಬನ್ನಿ, ಬನ್ನಿ! ಪರೀಕ್ಷೆಗೆ ತಡವಾಗಿ ಬಂದ್ರೆ ಒಳಗೆ ಬಿಡಲ್ಲ. ಹೆಸರು ಬರೆಸಿ, ಮೊಬೈಲು ಕೊಡಿ, ಸಾಲಾಗಿ ಕೂತ್ಕೊಳ್ಳಿ!"

ನಾನು ಆರನೇ ಮಂಚದ ಕಡೆ ನಾಲ್ಕು ಹೆಜ್ಜೆ ಇಟ್ಟೆ. "ಗಾಬರಿ ಸಿಸ್ಟರ್, ನಿಮಗೆ ಬೇರೆ ಆಮಂತ್ರಣ ಬೇಕಾ?" ಎಂದರು. ಎಲ್ಲರೂ ನಕ್ಕರು. ನಾನು ತಿರುಗಿ ಬಂದೆ. ಆ ನಾಲ್ಕು ಹೆಜ್ಜೆಗಳ ಮುಂದೆ ಇನ್ನು ಆರು ಇಟ್ಟಿದ್ದರೆ ಈ ಕಥೆ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

*

ದೊಡ್ಡ ಸಭಾಂಗಣಕ್ಕೆ ತಪಾಸಣೆಯವರಿಗಾಗಿ ಬಣ್ಣ ಬಳಿಯುತ್ತಿದ್ದರು. ಆದ್ದರಿಂದ ಪರೀಕ್ಷೆ ನಡೆದದ್ದು ನಮ್ಮ ವಾರ್ಡಿಗೇ ಹೊಂದಿಕೊಂಡ, ರೋಗಿಗಳ ಕಡೆಯವರು ಕೂರುವ ಕೋಣೆಯಲ್ಲಿ. ರೋಗಿಗಳ ಕಡೆಯವರನ್ನು ಮೆಟ್ಟಿಲಿಗೆ ಕಳಿಸಿದರು. ಬಾಗಿಲಿಗೆ ಒಂದು ಬೋರ್ಡು: 'ನಿಶ್ಶಬ್ದ! ರೋಗಿ ಸುರಕ್ಷತಾ ಪರೀಕ್ಷೆ ನಡೆಯುತ್ತಿದೆ.' ವಾರ್ಡು ನೋಡಿಕೊಳ್ಳಲು ಕಣ್ಣಿನ ವಿಭಾಗದಿಂದ ಒಬ್ಬ ಸಿಸ್ಟರನ್ನು ಎರವಲು ತಂದಿದ್ದರು. ಆಕೆ ಒಳ್ಳೆಯವರೇ. ಆದರೆ ಇಪ್ಪತ್ತೆರಡು ರೋಗಿಗಳಿಗೆ ಒಬ್ಬರು, ಮತ್ತು ಆಕೆ ಬಿಳಿ ಚೀಲ ನೋಡಿದ್ದು ಅದೇ ಮೊದಲು. ಔಷಧದ ಅಂಗಡಿಯವರಿಗೂ ಅದೇ ಹೊತ್ತಿಗೆ ಅವರ ಪರೀಕ್ಷೆ. ಹೊಸ ಚೀಲ ಹನ್ನೊಂದೂವರೆಗೆ ಬರುತ್ತದೆ ಎಂದು ಬೆಳಿಗ್ಗೆಯೇ ಹೇಳಿ ಕಳಿಸಿದ್ದರು. ತೊಂದರೆಯಿಲ್ಲ ಎಂದುಕೊಂಡಿದ್ದೆ. ಚೀಲದಲ್ಲಿ ಹನ್ನೆರಡರವರೆಗೆ ಆಗುವಷ್ಟಿದೆ ಎಂದು ನನ್ನ ಲೆಕ್ಕ.

ಹತ್ತಕ್ಕೆ ಹಾಳೆ ಕೊಟ್ಟರು. ಗಿಣಿ ನನ್ನ ಮುಂದಿನ ಕುರ್ಚಿಯಲ್ಲಿ, ಪ್ರಶ್ನೆಗಳ ಮೇಲೆ ಕಣ್ಣೂ ಹಾಯಿಸದೆ ಗುರುತು ಹಾಕುತ್ತಾ ಹೋದಳು. ನಾನು ಒಂದೊಂದನ್ನೂ ಎರಡು ಸಲ ಓದಿದೆ. ಉತ್ತರ ಗೊತ್ತಿದ್ದರೂ ಓದಿದೆ. ಒಂಬತ್ತನೇ ಪ್ರಶ್ನೆ: ಚೀಲ ನಿಧಾನವಾಗಿ ಹೋಗಿದ್ದರೆ ವೇಗ ಹೆಚ್ಚಿಸಿ ಸರಿದೂಗಿಸಬಹುದೇ? ಉತ್ತರ: ಎಂದಿಗೂ ಇಲ್ಲ. ಮುಂದಿನ ಕುರ್ಚಿಯಲ್ಲಿ ಗಿಣಿಯ ಪೆನ್ನು ಆ ಅಕ್ಷರಕ್ಕೇ ಆಗಲೇ ಗುರುತು ಹಾಕಿ ಮುಂದೆ ಹಾರಿತ್ತು.

ನಾನು ಹದಿನಾರು ಮುಗಿಸಿದ್ದೆ. ಗೋಡೆ ಗಡಿಯಾರದಲ್ಲಿ ಹತ್ತು ಹದಿನಾಲ್ಕು. ಆಗ ಪಂಪು ಕೂಗಿತು.

ಪಂಪು ನಾಲ್ಕು ಬಗೆಯಲ್ಲಿ ಕೂಗುತ್ತದೆ. ಬ್ಯಾಟರಿ ಕಡಿಮೆಯಾದರೆ ಬೆಕ್ಕಿನ ಮರಿಯಂತೆ, ನಳಿಕೆ ಮಡಚಿಕೊಂಡರೆ ಬಿಟ್ಟುಬಿಟ್ಟು, ಗಾಳಿ ಬಂದರೆ ಒಂದೇ ಸಮನೆ. ಚೀಲ ಖಾಲಿಯಾದಾಗಿನದು ಬೇರೆ: ಮೂರು ಗಿಡ್ಡ, ಒಂದು ಉದ್ದ. ಇದು ಅದೇ. ಖಾಲಿಯಾಗಲು ಇನ್ನೂ ಎರಡು ಗಂಟೆ ಇರಬೇಕಾಗಿದ್ದ ಚೀಲ.

ಪಾಠದಮ್ಮ ಹಣೆ ಗಂಟಿಕ್ಕಿದರು. ಎರಡನೇ ಸಲ ಕೂಗಿತು. "ಏನಿದು ರಗಳೆ, ಮಕ್ಕಳಿಗೆ ಪರೀಕ್ಷೆ ಬರೆಯೋಕೂ ಬಿಡಲ್ಲ" ಎಂದು ಎದ್ದು ಹೊರಗೆ ಹೋದರು. ಮೂರನೇ ಕೂಗು ಅರ್ಧದಲ್ಲಿ ನಿಂತಿತು. ಪಾಠದಮ್ಮ ಒಳಗೆ ಬಂದು, ಗೋಡೆಗೆ ನೇತುಹಾಕಿದ್ದ ದ್ರವದಿಂದ ಕೈ ಶುದ್ಧ ಮಾಡಿಕೊಂಡರು. ಏಳೂ ಹಂತ. "ಈಗ ಏಕಾಗ್ರತೆಯಿಂದ ಬರೀರಿ" ಎಂದರು.

ನಾನು ಗಡಿಯಾರ ನೋಡಿದೆ. ಪಂಪಿನ ಮೇಲೆ ಸದ್ದು ನಿಲ್ಲಿಸುವ ಹಳದಿ ಗುಂಡಿ ಇದೆ. ಅದನ್ನು ಒತ್ತಿದರೆ ಎರಡೇ ನಿಮಿಷ ಸುಮ್ಮನಿದ್ದು ಮತ್ತೆ ಕೂಗುತ್ತದೆ. ಪಂಪು ಮಾಡಿದವರಿಗೆ ಮನುಷ್ಯರ ಮೇಲೆ ನಂಬಿಕೆ ಇರಲಿಲ್ಲ, ಪುಣ್ಯಾತ್ಮರು. ಎರಡು ನಿಮಿಷ ಕಾದೆ. ಕೂಗಲಿಲ್ಲ. ಅಂದರೆ ಒತ್ತಿದ್ದು ಹಳದಿ ಗುಂಡಿಯಲ್ಲ, ಕೆಂಪು. ಪಂಪನ್ನೇ ಆರಿಸಿದ್ದಾರೆ.

ಕೈಕೆಳಗಿನ ಹದಿನೇಳನೇ ಪ್ರಶ್ನೆ ಓದಿದೆ. ಚೀಲ ಹಠಾತ್ತನೆ ಖಾಲಿಯಾಗಿ ಹೊಸದು ಸಿಗದಿದ್ದರೆ ಏನು ಮಾಡಬೇಕು? ಆ: ಹೊಸ ಚೀಲ ಬರುವವರೆಗೆ ಕಾಯಬೇಕು. ಇ: ಶೇಕಡಾ ಹತ್ತರ ಸಕ್ಕರೆ ದ್ರವವನ್ನು ಅದೇ ವೇಗದಲ್ಲಿ ಕೂಡಲೇ ಶುರು ಮಾಡಿ ರಕ್ತದ ಸಕ್ಕರೆ ಪರೀಕ್ಷಿಸಬೇಕು. 'ಇ'ಗೆ ಗುರುತು ಹಾಕಿದೆ. ಹಾಕಿ, ಕೂತೇ ಇದ್ದೆ.

ಯಾಕೆಂದರೆ ಭಾವಮೈದುನನ ಕಥೆ ನೆನಪಾಯಿತು. ಎದ್ದು ಹೋಗಿ, ಅಲ್ಲಿ ಏನೂ ಆಗಿರದಿದ್ದರೆ? ಕಣ್ಣಿನ ಸಿಸ್ಟರು ಆಗಲೇ ಸಕ್ಕರೆ ದ್ರವ ಹಾಕಿದ್ದರೆ? ಗಾಬರಿ ಸಿಸ್ಟರ್ ಪರೀಕ್ಷೆ ಬಿಟ್ಟು ಓಡಿದಳು ಎಂದು ವರ್ಷಗಟ್ಟಲೆ ನಗುತ್ತಾರೆ. ಹದಿನೇಳಕ್ಕೆ ನಿಂತರೆ ಬಟ್ಟೆ ಕೋಣೆ. ಇನ್ನು ಏಳು ಗುರುತು ಹಾಕಿದರೆ ಪಾಸು, ಏಳು ಗುರುತಿಗೆ ಒಂದು ನಿಮಿಷ ಸಾಕು. ಆದರೆ ಪೆನ್ನು ಏಳಲಿಲ್ಲ, ನಾನೂ ಏಳಲಿಲ್ಲ. ಇನ್ನೂರ ತೊಂಬತ್ತು, ಇನ್ಸುಲಿನ್, ಖಾಲಿ ಚೀಲ. ಇನ್ನೂರ ತೊಂಬತ್ತು, ಇನ್ಸುಲಿನ್, ಖಾಲಿ ಚೀಲ. ಒಳಗೆ ಇನ್ಸುಲಿನ್ ಸಕ್ಕರೆಯನ್ನು ಇಳಿಸುತ್ತಲೇ ಇದೆ, ಮೇಲಿಂದ ಸಕ್ಕರೆ ಬರುವುದು ನಿಂತಿದೆ. ಹೀಗೆ ಇನ್ನೆರಡು ನಿಮಿಷ ಹೋಯಿತು.

ಹತ್ತು ಹದಿನೆಂಟಕ್ಕೆ ಎದ್ದೆ. ಕುರ್ಚಿ ಹಿಂದಕ್ಕೆ ಬಿತ್ತು.

"ಎಲ್ಲಿಗೆ?" ಎಂದರು ಪಾಠದಮ್ಮ.

"ಆರನೇ ಮಂಚಕ್ಕೆ."

"ಬಾಗಿಲು ದಾಟಿದ್ರೆ ನಿಮ್ಮ ಪೇಪರು ಅಲ್ಲಿಗೇ ಮುಗೀತು. ಯೋಚನೆ ಮಾಡಿ."

"ಮಾಡ್ತಾ ಕೂತಿದ್ದಕ್ಕೇ ನಾಲ್ಕು ನಿಮಿಷ ತಡವಾಯ್ತು" ಎಂದು ಬಾಗಿಲು ದಾಟಿದೆ.

ಟೈಲರ ಹೆಂಡತಿ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು, ಸೆರಗಿನಿಂದ ಗಂಡನ ಹಣೆ ಒರೆಸುತ್ತಿದ್ದರು. ಆಕೆಯ ಮುಖದಲ್ಲಿ ಸಂತೋಷ. "ನೋಡಿ ಸಿಸ್ಟರ್, ಜ್ವರ ಬಿಡ್ತಾ ಇದೆ. ಎಷ್ಟು ಬೆವರು! ಎಷ್ಟು ದಿನಕ್ಕೆ ನೆಮ್ಮದಿಯಾಗಿ ಮಲಗಿದ್ದಾರೆ. ನಿಮ್ಮ ದೊಡ್ಡ ಮೇಡಂ ಬಂದು ಸವತಿ ಬಾಯೂ ಮುಚ್ಚಿಸಿದ್ರು. ಅದೇನು ದರ್ಪ ಅವರದು, ಒಂದು ಸಲ ಒತ್ತಿದ್ದಕ್ಕೆ ತೆಪ್ಪಗಾದಳು!"

ಟೈಲರಿಗೆ ಜ್ವರವೇ ಇರಲಿಲ್ಲ. ಬೆವರು ತಣ್ಣಗಿತ್ತು. ಹೆಸರು ಹಿಡಿದು ಕರೆದೆ, ಭುಜ ಅಲುಗಿಸಿದೆ. ರೆಪ್ಪೆ ಅರ್ಧ ತೆರೆದು ಮತ್ತೆ ಮುಚ್ಚಿತು. ಬೆರಳು ಚುಚ್ಚಿದೆ. ಯಂತ್ರ ಐದು ಸೆಕೆಂಡು ಎಣಿಸುತ್ತದೆ. ಅಷ್ಟರಲ್ಲಿ ಪಾಠದಮ್ಮ ಹಿಂದೆ ಬಂದು ನಿಂತಿದ್ದರು.

"ನಲವತ್ತೊಂದು" ಎಂದೆ.

"ಏನು, ಮಾರ್ಕ್ಸಾ?" ಎಂದರು.

ರಕ್ತದ ಸಕ್ಕರೆ ಎಪ್ಪತ್ತರ ಕೆಳಗೆ ಇಳಿಯಬಾರದು; ಉತ್ತರ ಕೊಡಲು ಹೊತ್ತಿರಲಿಲ್ಲ. ಕಣ್ಣಿನ ಸಿಸ್ಟರು ವಾರ್ಡಿನ ಕೊನೆಯಲ್ಲಿ ಒಬ್ಬರನ್ನು ಬಚ್ಚಲಿನಿಂದ ಕರೆತರುತ್ತಿದ್ದರು. ಡಾಕ್ಟರಿಗೆ ಫೋನು ಮಾಡಲು ಅವರಿಗೆ ಕೂಗಿ ಹೇಳಿದೆ. ಗಾಢ ಸಕ್ಕರೆ ದ್ರವದ ಸಿರಿಂಜು ತುಂಬಿ ನಳಿಕೆಗೆ ನಿಧಾನವಾಗಿ ಬಿಟ್ಟೆ. ಶೇಕಡಾ ಹತ್ತರ ಬಾಟಲಿ ತೂಗುಹಾಕಿದೆ. ಪಂಪು ಮತ್ತೆ ಚಾಲೂ ಮಾಡಿದೆ. ಆಗ ಅದರ ಪರದೆಯ ಮೇಲೆ ಹಿಂದಿನ ವೇಗ ಮೂಡಿತು: ನೂರ ಮೂವತ್ತು. ಅದನ್ನು ಎಂಬತ್ತಕ್ಕೆ ಇಳಿಸಿದೆ.

ಟೈಲರ ಹೆಂಡತಿಯ ನಗು ಮಾಯವಾಗಿತ್ತು. ಹಣೆ ಒರೆಸಿದ್ದ ಸೆರಗನ್ನು ನೋಡಿಕೊಳ್ಳುತ್ತಾ, "ಜ್ವರ ಬಿಡೋದಲ್ವಾ ಇದು?" ಎಂದರು. ನಾನು ಇಲ್ಲವೆಂದು ತಲೆಯಾಡಿಸಿದೆ. ಆಕೆ ಗಂಡನ ಕಾಲಿನ ಹೆಬ್ಬೆರಳು ಹಿಡಿದು ಕೂತರು.

ನಾಲ್ಕು ನಿಮಿಷಕ್ಕೆ ಟೈಲರ್ ಕಣ್ಣು ಬಿಟ್ಟರು. ನನ್ನನ್ನು ದಿಟ್ಟಿಸಿ, "ಅಳತೆ ತಗೊಂಡಾಯ್ತಾ?" ಎಂದರು.

"ಆಯ್ತು" ಎಂದೆ.

"ತೋಳು ಸ್ವಲ್ಪ ಸಡಿಲ ಇರಲಿ" ಎಂದು ಮತ್ತೆ ಕಣ್ಣು ಮುಚ್ಚಿದರು. ಇದು ನಿಜವಾದ ನಿದ್ದೆ. ಆದರೂ ಮತ್ತೆ ಬೆರಳು ಚುಚ್ಚಿದೆ. ನೂರ ಹನ್ನೆರಡು.

*

ಮಧ್ಯಾಹ್ನ ಪಾಠದಮ್ಮ ತಮ್ಮ ಕೋಣೆಗೆ ಕರೆದರು. ಗೋಡೆಯ ತುಂಬ ಕೈ ತೊಳೆಯುವ ಚಿತ್ರಗಳು. ನನಗೆ ಕುರ್ಚಿ ತೋರಿಸಿದರು. ಅದು ಒಳ್ಳೆಯ ಲಕ್ಷಣವಲ್ಲ.

"ನೋಡಮ್ಮ," ಎಂದರು. ಅಮ್ಮ ಎಂದದ್ದು ಇನ್ನೂ ಕೆಟ್ಟ ಲಕ್ಷಣ. "ಆದದ್ದು ಆಯ್ತು, ಪೇಷಂಟ್ ಚೆನ್ನಾಗಿದ್ದಾರೆ. ಘಟನೆ ವರದಿ ಅಂತ ಒಂದು ಬರೀಬೇಕು. 'ವಾಡಿಕೆಯ ತಪಾಸಣೆ ವೇಳೆ ಸಕ್ಕರೆ ಅಂಶ ಕಡಿಮೆ ಇರುವುದು ಕಂಡುಬಂದು ಸರಿಪಡಿಸಲಾಯಿತು.' ಒಂದೇ ಸಾಲು. ನಿಮ್ಮನ್ನ ನಾಳೆ ಬ್ಯಾಚಲ್ಲಿ ಮತ್ತೆ ಕೂರಿಸ್ತೀನಿ. ಮೂವತ್ತಕ್ಕೆ ಮೂವತ್ತು ತಗೊಂಡು ವಾರ್ಡಲ್ಲೇ ಇರಿ. ನನಗೂ ನಿಮ್ಮಂಥ ಜಾಗರೂಕರು ಬೇಕು."

"ಪಂಪು ಆರಿಸಿದ್ದು?"

"ಪಂಪು ಇದೆಯಲ್ಲ, ಅದು ಯಂತ್ರ. ನಿಲ್ಲತ್ತೆ, ನಡೆಯತ್ತೆ."

ಹೊರಗೆ ಬಂದರೆ ಔಷಧದ ಕೋಣೆಯಲ್ಲಿ ಗಿಣಿ ಅಳುತ್ತಾ ನಿಂತಿದ್ದಳು. "ಅಕ್ಕಾ, ನನ್ನ ಹೆಸರು ಬರೀತೀಯಾ?"

"ನೂರ ಮೂವತ್ತು ಅಂತ ಬರೀತೀನಿ. ಯಾಕೆ ಹಾಗೆ ಮಾಡ್ದೆ?"

"ಖಾನೆ ಹೊಂದಲಿ ಅಂತ."

"ಒಂಬತ್ತನೇ ಪ್ರಶ್ನೆ ಅದೇ ಅಲ್ವೇನೇ? ವೇಗ ಹೆಚ್ಚಿಸಬಾರದು ಅಂತ!"

ಅವಳು ಅಳು ನಿಲ್ಲಿಸಿ ನನ್ನನ್ನೇ ನೋಡಿದಳು. "ಒಂಬತ್ತು... ಈ," ಎಂದಳು ಮೆಲ್ಲಗೆ. "ಅದು ಇದಾ?"

ಸಂಜೆ ಮನೆಗೆ ಬಂದು ಅಡುಗೆಮನೆಯ ಮೇಜಿನ ಮೇಲೆ ಬಿಳಿ ಹಾಳೆ ಇಟ್ಟು ಕೂತೆ. ಅತ್ತೆ ತರಕಾರಿ ಹೆಚ್ಚುತ್ತಾ ಎಲ್ಲ ಕೇಳಿಸಿಕೊಂಡರು. ಅತ್ತೆಯ ಮುಂದೆ ನಾನು ಏನನ್ನೂ ಮುಚ್ಚಿಡುವುದಿಲ್ಲ. ಮುಚ್ಚಿಟ್ಟರೆ ಅವರಿಗೆ ಗೊತ್ತಾಗಿದೆಯೇ ಎಂಬ ಚಿಂತೆ ಶುರುವಾಗುತ್ತದೆ.

"ಸುಳ್ಳು ಬರೆದ್ರೆ ಏನಾಗತ್ತೆ?" ಎಂದರು.

"ವಾರ್ಡಲ್ಲೇ ಇರ್ತೀನಿ."

"ನಿಜ ಬರೆದ್ರೆ?"

"ಹೊದಿಕೆ ಮಡಚ್ತೀನಿ."

"ಒಲೆ ಆರಿಸಿದ್ದೀನಾ ಅಂತ ಮೂರು ಸಲ ನೋಡೋಳು ನೀನು. ಸುಳ್ಳು ಬರೆದು ಕಳಿಸಿದ್ರೆ ಆ ಕಾಗದನ ಎಷ್ಟು ಸಲ ನೆನೆಸ್ಕೋತೀಯ? ಈ ಮನೇಲಿ ನಾವೂ ನಿದ್ದೆ ಮಾಡ್ಬೇಕಮ್ಮಾ."

ಹನ್ನೊಂದು ಸಾಲು ಬರೆದೆ. ಸಮಯ ಸಮೇತ. ಏಳು ಗಂಟೆಗೆ ವೇಗ ನೂರ ಮೂವತ್ತಕ್ಕೆ ಏರಿದ್ದು, ಯಾವ ಎರಡು ಖಾನೆ ಹೊಂದಿಸಲು ಏರಿದ್ದು, ಒಂಬತ್ತಕ್ಕೆ ಸಕ್ಕರೆ ಹೆಚ್ಚಾಗಿ ಇನ್ಸುಲಿನ್ ಹೋದದ್ದು, ಹತ್ತು ಹದಿನಾಲ್ಕಕ್ಕೆ ಪಂಪು ಕೂಗಿದ್ದು, ಪರೀಕ್ಷೆಗೆ ಅಡ್ಡಿಯಾಗದಿರಲೆಂದು ಅದನ್ನು ಆರಿಸಿದ್ದು. ಬರೆದದ್ದನ್ನು ಓದಿದರೆ ಒಂದು ಸಾಲು ಕಡಿಮೆ ಎನಿಸಿತು. ಎಲ್ಲರ ತಪ್ಪೂ ಇತ್ತು, ನನ್ನದು ಇರಲಿಲ್ಲ. ಹನ್ನೆರಡನೆಯದಾಗಿ ಸೇರಿಸಿದೆ: 'ಪಂಪು ಕೂಗಿದ್ದು ಕೇಳಿಸಿದರೂ ನಾನು ನಾಲ್ಕು ನಿಮಿಷ ಕುಳಿತೇ ಇದ್ದೆ.'

ವಿಚಾರಣಾ ಸಮಿತಿಯಲ್ಲಿ ಮೂವರಿದ್ದರು, ಅವರಲ್ಲಿ ಒಬ್ಬರು ಪಾಠದಮ್ಮ. ಸಮಿತಿ ನನ್ನ ವರದಿಯನ್ನು ಬಹಳ ಶ್ರದ್ಧೆಯಿಂದ ಓದಿರಬೇಕು, ಏಕೆಂದರೆ ಹನ್ನೆರಡು ಸಾಲುಗಳಲ್ಲಿ ಸರಿಯಾಗಿ ಒಂದನ್ನು ಆರಿಸಿ ತೆಗೆಯುವುದು ಸುಲಭವಲ್ಲ. ತೀರ್ಪು ಹೀಗಿತ್ತು: 'ನಾಲ್ಕು ನಿಮಿಷಗಳ ವಿಳಂಬವನ್ನು ಸದರಿ ಸಿಸ್ಟರೇ ಒಪ್ಪಿಕೊಂಡಿರುತ್ತಾರೆ.' ಪರೀಕ್ಷೆಯ ಫಲಿತಾಂಶವೂ ಅದೇ ದಿನ ಬಂತು. ಹತ್ತು ಮಂದಿಗೆ ಮೂವತ್ತಕ್ಕೆ ಮೂವತ್ತು. ನನಗೆ ಹದಿನೇಳು. ಹದಿನೇಳು ಬರೆದು ಹದಿನೇಳೂ ಸರಿ. ರೋಗಿಯ ಸುರಕ್ಷತೆಯ ಬಗ್ಗೆ ಏನೂ ತಿಳಿಯದವಳು ಇಡೀ ವಾರ್ಡಿನಲ್ಲಿ ನಾನೊಬ್ಬಳೇ ಎಂದು ಕಾಗದದಲ್ಲಿ ಸಾಬೀತಾಯಿತು.

ಸೋಮವಾರ ಬಟ್ಟೆ ಕೋಣೆಗೆ ಇಳಿದೆ.

*

ಬಟ್ಟೆ ಕೋಣೆ ನನ್ನ ಕೈಗೆ ಸಿಕ್ಕಿತು ಎಂದರೆ ಅದರ ಗತಿ ಏನಾಗಬೇಕು? ಮೂರು ದಿನದಲ್ಲಿ ಪ್ರತಿ ಕಪಾಟಿಗೂ ಚೀಟಿ ಅಂಟಿಸಿದೆ. ಹರಿದದ್ದು ಬೇರೆ, ಕಲೆಯಾದದ್ದು ಬೇರೆ. ಪ್ರತಿ ಹೊದಿಕೆಯನ್ನೂ ಬೆಳಕಿಗೆ ಹಿಡಿದು ನೋಡಿದೆ, ಸೂಜಿ ಸಿಕ್ಕಿಕೊಂಡಿದ್ದರೆ? ಎರಡು ಸಿಕ್ಕವು ಕೂಡ.

ಗುರುವಾರ ತಪಾಸಣೆಯವರು ಬಂದರು. ಅವರಲ್ಲಿ ಹಿರಿಯರು ಆರನೇ ಮಂಚದ ಬಳಿ ನಿಂತು, "ಇಲ್ಲಿ ಸಿಸ್ಟರುಗಳು ಚೆನ್ನಾಗಿ ನೋಡ್ಕೋತಾರಾ?" ಎಂದು ಕೇಳಿದರಂತೆ. ಟೈಲರ ಹೆಂಡತಿಗೆ ಅಷ್ಟು ಸಾಕಾಯಿತು. "ನೋಡ್ಕೊಂಡವಳು ಕೆಳಗೆ ಬಟ್ಟೆ ಮಡಚ್ತಿದ್ದಾಳೆ ಸ್ವಾಮಿ. ಬಾಯಿ ಮುಚ್ಚಿಸಿದವರು ನಿಮ್ಮ ಪಕ್ಕದಲ್ಲೇ ನಿಂತಿದ್ದಾರೆ. ಯಾರನ್ನ ಕೇಳ್ತೀರೋ ಕೇಳಿ!" ಆಮೇಲೆ ಗಿಣಿ ಹೇಳಿದಳು, ಪಾಠದಮ್ಮ ಆ ಹೊತ್ತಿನಲ್ಲಿ ಮತ್ತೆ ಕೈ ಶುದ್ಧ ಮಾಡಿಕೊಂಡರಂತೆ.

ಹಿರಿಯರು ನಿಜವಾಗಿಯೂ ಕೆಳಗೆ ಬಂದರು. ಇವರೊಬ್ಬರು ಕೇಳಿಸಿಕೊಂಡರೆ ವಾರ್ಡಿಗೆ ಮರಳಬಹುದು. ಸ್ಟೂಲು ಕೊಟ್ಟೆ, ಹನ್ನೆರಡು ಸಾಲನ್ನೂ ಹೇಳಿದೆ, ಒಂದನ್ನೂ ಬಿಡದೆ. ಅವರು ನಡುನಡುವೆ ತಲೆಯೆತ್ತಿ ಕಪಾಟು ನೋಡುತ್ತಾ, ಎರಡು ಪುಟ ಬರೆದುಕೊಂಡರು. ಕೊನೆಗೆ ಪೆನ್ನಿನ ಮುಚ್ಚಳ ಹಾಕಿ, "ಈ ಚೀಟಿಗಳನ್ನೆಲ್ಲ ನೀವೇ ಬರೆದದ್ದಾ?" ಎಂದರು.

ಹತ್ತು ದಿನಕ್ಕೆ ವರದಿ ಬಂತು. ನರ್ಸುಗಳ ಜ್ಞಾನ: ಅತ್ಯುತ್ತಮ. ಚಾರ್ಟುಗಳ ಖಾನೆಗಳು: ಹೊಂದಿಕೆಯಾಗಿವೆ. ಕೊನೆಯ ಪುಟದಲ್ಲಿ ಒಂದು ವಿಶೇಷ ಟಿಪ್ಪಣಿ: 'ಬಟ್ಟೆ ಕೋಣೆಯ ನಿರ್ವಹಣೆ ಮಾದರಿಯಾಗಿದೆ. ಸದರಿ ಸಿಬ್ಬಂದಿಯನ್ನು ಯಾವ ಕಾರಣಕ್ಕೂ ಅಲ್ಲಿಂದ ಬದಲಿಸತಕ್ಕದ್ದಲ್ಲ.'

ಆರು ತಿಂಗಳಿದ್ದದ್ದು ಹೀಗೆ ಕಾಯಂ ಆಯಿತು. ಪಾಠದಮ್ಮ ತಾವೇ ಇಳಿದು ಬಂದು ಅಭಿನಂದಿಸಿದರು.

ಟೈಲರ ಕರುಳು ಕೂಡಿಕೊಂಡಿತು. ಮನೆಗೆ ಹೊರಡುವ ದಿನ ಗಂಡಹೆಂಡಿರು ಮೆಟ್ಟಿಲಿಳಿದು ಬಂದರು. ಟೈಲರ್ ನನ್ನ ಕಪಾಟಿನಿಂದ ಒಂದು ಹೊದಿಕೆ ಎಳೆದು, ಅಂಚಿನ ಹೊಲಿಗೆ ಉಗುರಿನಲ್ಲಿ ಕೆರೆದು ನೋಡಿ, "ಇದನ್ನೂ ನನ್ನ ಹೊಟ್ಟೆ ಹೊಲಿದವರೇ ಹೊಲಿದಿರಬೇಕು" ಎಂದರು.

ಈಗ ಬಟ್ಟೆ ಕೋಣೆಗೆ ಜನ ಬರುವುದು ಹೆಚ್ಚಾಗಿದೆ. ಮೊದಲು ಬಂದವಳು ಗಿಣಿ. "ಎರಡು ದಿಂಬಿನ ಚೀಲ ಕೊಡು ಅಕ್ಕಾ," ಎಂದಳು. ಕೊಟ್ಟರೂ ಹೋಗಲಿಲ್ಲ. "ಹನ್ನೊಂದನೇ ಮಂಚದವರ ಬಿಳಿ ಚೀಲ ಒಂದು ಗಂಟೆ ಹಿಂದೆ ಬಿದ್ದಿದೆ."

"ಅದಕ್ಕೆ?"

"ಹಿಂದೆ ಬಿದ್ದಿದ್ರೆ ಇರಲಿ ಅಲ್ವಾ?"

"ಇರಲಿ. ನಳಿಕೆಯ ಬುಡ ನೋಡಿದ್ಯಾ? ಕೆಂಪಾಗಿದೆಯಾ?"

"ನೋಡಿ ಬರ್ತೀನಿ," ಎಂದು ಓಡಿದಳು. ಐದು ನಿಮಿಷಕ್ಕೆ ಮತ್ತೆ ಬಂದು ಇನ್ನೆರಡು ದಿಂಬಿನ ಚೀಲ ತೆಗೆದುಕೊಂಡಳು. ಸ್ವಲ್ಪ ಕೆಂಪಾಗಿದೆಯಂತೆ, ಡಾಕ್ಟರಿಗೆ ಹೇಳಿದ್ದಾಳಂತೆ. ಆಮೇಲೆ ಉಳಿದವರೂ ಶುರುಮಾಡಿದರು. ಒಂದು ಹೊದಿಕೆ, ಒಂದು ಅನುಮಾನ. ಕಣ್ಣಿನ ವಿಭಾಗದ ಸಿಸ್ಟರು ಕೂಡ ಬರುತ್ತಾರೆ. ಮೂವತ್ತಕ್ಕೆ ಮೂವತ್ತು ತೆಗೆದುಕೊಂಡವರೆಲ್ಲ ದಿನಕ್ಕೆ ಎರಡು ಸಲವಾದರೂ ಹದಿನೇಳರ ಹತ್ತಿರ ಬಂದು ಹೋಗುತ್ತಾರೆ. ಮೇಲೆ ಪಂಪು ಕೂಗಿದರೆ ನನಗೆ ಸೂರಿನ ಮೂಲಕ ಕೇಳಿಸುತ್ತದೆ, ಎಣಿಸುತ್ತೇನೆ. ಮೂರನೇ ಕೂಗಿಗೆ ಚಪ್ಪಲಿಯ ಸದ್ದು ಓಡುವುದು ಕೇಳಿಸಿದರೆ ಬಟ್ಟೆ ಮಡಚುವುದನ್ನು ಮುಂದುವರಿಸುತ್ತೇನೆ. ಕೇಳಿಸದಿದ್ದರೆ ಪೊರಕೆ ಹಿಡಿಯಿಂದ ಸೂರಿಗೆ ಕುಟ್ಟುತ್ತೇನೆ.

ನಿನ್ನೆ ಪಾಠದಮ್ಮನಿಂದ ಒಂದು ಕಾಗದ ಬಂದಿದೆ. ಕಳೆದ ತಿಂಗಳು ನಮ್ಮ ವಾರ್ಡಿಗೆ ಹೋದ ದಿಂಬಿನ ಚೀಲಗಳು ನಾನೂರ ಹನ್ನೆರಡು, ವಾರ್ಡಿನಲ್ಲಿರುವ ದಿಂಬುಗಳು ಇಪ್ಪತ್ತೆರಡು. ಎರಡು ಖಾನೆ ಹೊಂದುತ್ತಿಲ್ಲ. ಕಾರಣವನ್ನು ಲಿಖಿತವಾಗಿ ತಿಳಿಸತಕ್ಕದ್ದು.

ಅತ್ತೆ ಈಗಲೇ ಕೇಳುತ್ತಿದ್ದಾರೆ, ಎಷ್ಟು ಸಾಲು ಬರೆಯುತ್ತೀಯ ಎಂದು. ಹಾಳೆ ಮೇಜಿನ ಮೇಲಿದೆ. ಮೊದಲು ಹೋಗಿ ಒಲೆ ಆರಿಸಿದ್ದೇನೆಯೇ ನೋಡಿ ಬರುತ್ತೇನೆ.